ನಿಲುನಾಡಿನ ಕಾಲುಕರೆಂಟು

ಅದು ಶುರುವಾದದ್ದು ಮಾಗಿಯ ಕೊನೆಯಲ್ಲಿ, ಎಳೆ ಬಿಸಿಲು ಕಚೇರಿಯ ಗೋಡೆಯಿಂದ ಜಾರಿ ನೆಲ ಮುಟ್ಟುವ ಹೊತ್ತಿಗೆ. ನಿಲುನಾಡಿನ ಪಡಿತರ ಕಚೇರಿಯ ಮುಂದೆ ಜನ ಎಂದಿನ ಹಾಗೆ ಸಾಲು ನಿಂತಿದ್ದರು. ಅವರ ಕಾಲ ಕೆಳಗೆ ಹಿಂದಿನ ದಿನವಷ್ಟೆ ಹೊಸ ಚಪ್ಪಡಿ ಹಾಸಿತ್ತು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಸರ್ಕಾರದವರು ನೆಲ ಅಗೆಯುವುದು, ಮುಚ್ಚುವುದು, ಮತ್ತೆ ಅಗೆಯುವುದು ಆ ನಾಡಿಗೆ ಹೊಸದಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ತೂಗುತ್ತಿದ್ದ ಒಂದು ಬಲ್ಬು ಮಿಣುಕಿತು, ಆರಿತು, ಮತ್ತೆ ಹತ್ತಿಕೊಂಡಿತು. ಅದರ ತಂತಿ ಯಾವ ಕಂಬದಿಂದಲೂ ಬಂದಿರಲಿಲ್ಲ, ನೆಲದೊಳಗಿಂದ ಬಂದಿತ್ತು.

ಆ ಸಾಲಿನಲ್ಲಿ ಚಿಕ್ಕಮಾಯಿಗನೂ ಇದ್ದ. ಆಗ ಅವನ ಮೀಸೆ ಕರ್ರಗಿತ್ತು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಚೇರಿಯೊಳಗಿಂದ ಒಬ್ಬ ಹುಡುಗಿ ಓಡಿ ಬಂದಳು. ದಾಕ್ಷಾಯಿಣಿ ಅಂತ, ಆಗತಾನೆ ಓದು ಮುಗಿಸಿ ಬಂದಿದ್ದ ಇಂಜಿನಿಯರು. ಬಲ್ಬು ನೋಡಿ ಕುಣಿಯುವುದೊಂದು ಬಾಕಿ.

"ಎಲ್ಲಾರೂ ಒಂದ್ ಸಲ ಕಾಲು ಬದಲಾಯಿಸಿ ನಿಂತ್ಕೊಳ್ಳಿ!" ಎಂದಳು.

ಜನ ನಗುತ್ತ ಕಾಲು ಬದಲಿಸಿದರು. ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯಿತು.

ಚಪ್ಪಡಿಯ ಹೊಟ್ಟೆಯಲ್ಲಿ ಒಂದು ಬಗೆಯ ಹರಳಿನ ಪದರ ಇತ್ತು. ತುಳಿದರೆ ಒಂದು ಚೂರು ಕರೆಂಟು, ಕಾಲೆತ್ತಿದರೆ ಇನ್ನೊಂದು ಚೂರು. ಕಂಬದ ಹಾಗೆ ಅಲ್ಲಾಡದೆ ನಿಂತವನಿಂದ ಏನೂ ಹುಟ್ಟದು. ಬೇಸರ ಬಂದು ಈ ಕಾಲಿಂದ ಆ ಕಾಲಿಗೆ ಭಾರ ಹಾಕುತ್ತಾನಲ್ಲ, ಆಗ ಹುಟ್ಟುತ್ತಿತ್ತು. ನಿಲುನಾಡಿನಲ್ಲಿ ಕಲ್ಲಿದ್ದಲಿಲ್ಲ, ಅಣೆಕಟ್ಟೆ ಕಟ್ಟುವಂಥ ನದಿಯಿಲ್ಲ, ಗಾಳಿಯೂ ಅಷ್ಟಕ್ಕಷ್ಟೆ. ಇದ್ದದ್ದು ಸಾಲು ನಿಂತ ಜನ. "ಹೇಗೂ ನಿಂತಿರ್ತಾರೆ. ಆ ನಿಲುವು ಸುಮ್ನೆ ಯಾಕೆ ಹಾಳಾಗಬೇಕು?" ಎಂದಿದ್ದಳು ದಾಕ್ಷಾಯಿಣಿ. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಮಾಯಿಗ ಅವಳ ಕೈಕೆಳಗೆ ಎಷ್ಟೋ ಕಾಲ ದುಡಿದವನು. ಆ ಮಾತನ್ನು ಅವನು ಯಾವತ್ತೂ ಒಪ್ಪಿಕೊಳ್ಳುತ್ತಾನೆ.

ಸರ್ಕಾರ ಅದಕ್ಕೆ ಪಾದವಿದ್ಯುತ್ ಅಂತ ಹೆಸರಿಟ್ಟಿತು. ಜನ ಕಾಲುಕರೆಂಟು ಅಂದರು. ಮೊದಲ ಒಂದೆರಡು ವರ್ಷ ಹಬ್ಬದ ಹಾಗಿತ್ತು. ಸೀಮೆಎಣ್ಣೆ ಬುಡ್ಡಿ ಬಿಟ್ಟು ಬೇರೆ ಬೆಳಕು ಕಾಣದ ಮನೆಗಳಲ್ಲಿ ದೀಪ ಉರಿಯಿತು, ಫ್ಯಾನು ತಿರುಗಿತು. ಆಮೇಲೆ ಒಂದು ಎಡವಟ್ಟಾಯಿತು. ಪಡಿತರ ಕಚೇರಿಗೆ ಇಬ್ಬರು ಹೊಸ ಗುಮಾಸ್ತರು ಬಂದರು. ಚುರುಕು ಜನ. ಕೇಳಿದ್ದನ್ನು ಕೇಳಿದ ತಕ್ಷಣ ಮಾಡಿಕೊಟ್ಟರು. ಸಾಲು ಕರಗಿತು, ಚಪ್ಪಡಿ ಖಾಲಿಯಾಯಿತು, ಅರ್ಧ ಊರು ಕತ್ತಲಾಯಿತು. ಊರಿನವರೇ ಬಂದು ಕಚೇರಿಗೆ ಕಲ್ಲು ಹೊಡೆದರು. "ಅರ್ಜೆಂಟೇನಿತ್ತು ನಿಮ್ಗೆ? ಮನೆಗೆ ಬೆಂಕಿ ಬಿದ್ದಿತ್ತಾ?" ಎಂದು ಆ ಇಬ್ಬರ ಅಂಗಿ ಹರಿದರು. ಸರ್ಕಾರ ಅವರನ್ನು ಎತ್ತಂಗಡಿ ಮಾಡಿ, ಅವರ ಜಾಗಕ್ಕೆ ಹಳೆಯ ಗುಮಾಸ್ತರನ್ನು ಹಾರ ಹಾಕಿ ಕರೆತಂದಿತು. ಜನ ಚಪ್ಪಾಳೆ ತಟ್ಟಿದರು. ಮಾಯಿಗನೂ ತಟ್ಟಿದ.

ಅಲ್ಲಿಂದ ಮುಂದೆ ಆ ನಾಡಿನ ಆಡಳಿತ ಅಂದರೆ ಸಾಲು. ಸಾಲಿಗೊಬ್ಬ ಮಂತ್ರಿ, ಕಿಟಕಿಗೊಬ್ಬ ಮಂತ್ರಿ, ಎಲ್ಲರ ಮೇಲೆ ನಾಳೆಯ ಮಂತ್ರಿ. ಈ ನಾಳೆಯ ಮಂತ್ರಿಯ ಕೆಲಸ, ಯಾರು ಏನು ಕೇಳಿದರೂ ನಾಳೆ ಆಗುತ್ತದೆ ಅಂತ ನಗುಮುಖದಲ್ಲಿ ಹೇಳುವುದು. ಬಹಳ ಒಳ್ಳೆಯ ಮನುಷ್ಯ ಅಂತ ಹೆಸರು ಪಡೆದಿದ್ದ. ಚುನಾವಣೆಯೂ ಇತ್ತು. ಕೊನೆಯ ಮತದಾರ ಮತ ಹಾಕುವ ತನಕ ಇದ್ದ ಸರ್ಕಾರವೇ ಇರತಕ್ಕದ್ದು ಅಂತ ಕಾನೂನು. ಮತಗಟ್ಟೆಯ ಸಾಲು ಎಲ್ಲಕ್ಕಿಂತ ಉದ್ದ. ರಾಜಧಾನಿಯ ಬೀದಿದೀಪಗಳೆಲ್ಲ ಅದರಿಂದಲೇ ಉರಿಯುವುದು. ನಿಂತ ಉಮೇದುವಾರರಲ್ಲಿ ಮುಕ್ಕಾಲು ಪಾಲು ತೀರಿಹೋಗಿದ್ದರು. ಆದರೂ ಜನ ಬಿಡದೆ ಹೋಗಿ ನಿಲ್ಲುತ್ತಿದ್ದರು, ಮತ ಹಾಕುವುದು ನಮ್ಮ ಹಕ್ಕು ಅನ್ನುತ್ತಿದ್ದರು. ವಿರೋಧ ಪಕ್ಷದವರೂ ಸುಮ್ಮನಿರಲಿಲ್ಲ. ನಮ್ಮನ್ನು ಗೆಲ್ಲಿಸಿದರೆ ಸಾಲಿಗೆಲ್ಲ ಚಪ್ಪರ ಹಾಕಿಸುತ್ತೇವೆ ಅನ್ನುತ್ತಿದ್ದರು.

ಮಿಕ್ಕ ಕರೆಂಟು ಕಣಿವೆಯಾಚೆಯ ನಾಡಿಗೆ ಹೋಗುತ್ತಿತ್ತು. ಅಲ್ಲಿಂದ ಬರುತ್ತಿದ್ದದ್ದು ಚಪ್ಪಲಿ, ಕಾಲುನೋವಿನ ಮುಲಾಮು. ಈ ವ್ಯಾಪಾರದಿಂದ ದೇಶ ಮುಂದೆ ಬಂತು ಅಂತ ರೇಡಿಯೋದಲ್ಲಿ ಹೇಳುತ್ತಿದ್ದರು. ಕೆಲಸವಿಲ್ಲದ ಹುಡುಗರಿಗೆ ರಾತ್ರಿ ಪಾಳಿಯಲ್ಲಿ ನಿಲ್ಲುವ ಕೆಲಸ ಸಿಕ್ಕಿತು. ಹಗಲಿನವರು ಸಂಜೆ ಸೀಮೆಸುಣ್ಣದಲ್ಲಿ ತಮ್ಮ ಚಪ್ಪಡಿಯ ಮೇಲೆ ಗುರುತು ಹಾಕಿ ಮನೆಗೆ ಹೋಗುವುದು, ಹುಡುಗರು ಬಂದು ಅದರ ಮೇಲೆ ಬೆಳಗಿನ ತನಕ ಕಾಲಾಡಿಸುವುದು. ಅಕ್ಕಪಕ್ಕ ನಿಂತವರು ಬೀಗರಾದರು. ಗಂಡು ಯಾವ ಸಾಲಿನವನು, ಎಷ್ಟು ಮುಂದಿದ್ದಾನೆ ಅಂತ ವಿಚಾರಿಸಿ ಹೆಣ್ಣು ಕೊಡುತ್ತಿದ್ದರು. ಕೂತವನು ಅನ್ನುವುದು ಬೈಗುಳವಾಯಿತು. ಕುರ್ಚಿಗಳು ಅಟ್ಟ ಸೇರಿದವು. ಕೆಳಗಿಳಿಸಬೇಕಾದರೆ ಅಪ್ಪಣೆ ಬೇಕು. ಮಂತ್ರಿಗಳ ಮನೆಗೆ ಮಾತ್ರ ಅದರಿಂದ ವಿನಾಯಿತಿ.

ಇಷ್ಟೆಲ್ಲ ಆದರೂ ಜನ ಪೂರ್ತಿ ಕಲ್ಲಾಗಿರಲಿಲ್ಲ. ಅವರೊಳಗೆ ಒಂದು ನಡವಳಿಕೆ ತಾನಾಗಿ ಬೆಳೆದಿತ್ತು. ಸಾಲಿನಲ್ಲಿ ನಿಂತೇ ಯಾರಾದರೂ ಸತ್ತರೆ, ಇಲ್ಲ ಯಾರಿಗಾಗಿ ನಿಂತಿದ್ದಾರೋ ಅವರು ಸತ್ತರೆ, ಆ ಅರ್ಜಿ ಸತ್ತವರ ಅರ್ಜಿ ಅನ್ನಿಸಿಕೊಳ್ಳುತ್ತಿತ್ತು. ಅದನ್ನು ಹಿಡಿದವರು ಹಿಂದಿದ್ದರೆ ಮುಂದಿದ್ದವರು ಜಾಗ ಬಿಡಬೇಕು. ಕಾದು ಕಾದು ಹೋದ ಜೀವವನ್ನು ಇನ್ನೂ ಕಾಯಿಸಬಾರದು ಅಂತ. ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಆದರೆ ಮೀರಿದವರನ್ನು ಮಾಯಿಗ ಕಂಡಿರಲಿಲ್ಲ. ಕಿಟಕಿಗೆ ಕೈ ಹಾಕುವ ಮುಂಚೆ ಒಮ್ಮೆ ಹಿಂದಕ್ಕೆ ತಿರುಗಿ "ನಿಮ್ದು ಯಾರ್ದು?" ಅಂತ ಕೇಳದವರು ಆ ನಾಡಿನಲ್ಲಿ ಇರಲಿಲ್ಲ.

ಮಾಯಿಗನಿಗೆ ಕೆಲಸ ಸಿಕ್ಕಿದ್ದು ಅಪ್ಪಣೆ ಕಚೇರಿಯ ಮೇಲಿನ ಮಹಡಿಯಲ್ಲಿ, ನಿಯಂತ್ರಣ ಕೋಣೆಯಲ್ಲಿ. ಅವನೆದುರು ಒಂದು ಮುಳ್ಳಿನ ಮೀಟರು, ಒಂದು ಹಿಡಿ. ಹಿಡಿ ಕೆಳಗೆ ಎಳೆದರೆ ಕೆಳಗಿನ ಕಿಟಕಿಯ ಶಟರ್ ಏಳುತ್ತದೆ; ಮೇಲೆ ತಳ್ಳಿದರೆ ಮುಚ್ಚುತ್ತದೆ. ಗಾಜಿನಲ್ಲಿ ಸಾಲು ಕಾಣುತ್ತದೆ. ಜನರ ಬೇಸರ ಎಷ್ಟಿದೆ ಅಂತ ತಿಳಿಯಲು ಮೈಕು ಇಟ್ಟಿದ್ದರು, ಕೆಳಗಿನ ಮಾತು ಮೇಲೆ ಕೇಳುತ್ತದೆ. ಮೇಲಿನದು ಕೆಳಗೆ ಕೇಳದು. ಕೂರಲು ಅವನಿಗೊಂದು ಸ್ಟೂಲು ಕೊಟ್ಟಿದ್ದರು. ಅದನ್ನು ಅವನು ಹೊರಗೆ ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಕಪ್ಪು ಮೀಸೆ ನೆರೆತು, ಮಾಯಿಗ ಮಾಯಿಗಯ್ಯನಾಗುವ ಹೊತ್ತಿಗೆ ಅವನ ಒಬ್ಬಳೇ ಮಗಳು ಪುಟ್ಟಗೌರಿಗೆ ಮೂತ್ರಪಿಂಡ ಕೈಕೊಟ್ಟಿತು. ಎರಡೂ. ದಿನ ಬಿಟ್ಟು ದಿನ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ತಾಯಿ ಕೆಂಪಾಜಮ್ಮ ತನ್ನದೊಂದನ್ನು ಕೊಡುತ್ತೇನೆ ಅಂದಳು. ಹೊಂದುತ್ತದೆ ಅಂತ ಡಾಕ್ಟರು ಹೇಳಿದರು. ಬೇಗ ಮಾಡಿಸಿದರೆ ಹುಡುಗಿ ಬದುಕುತ್ತಾಳೆ, ತಡವಾದರೆ ಮೈ ತಾಳದು ಅಂದರು. ಆದರೆ ಅಂಗ ಕೊಡಲು ಅಪ್ಪಣೆ ಚೀಟಿ ಬೇಕು. ಚೀಟಿ ಕೊಡುವುದು ಅದೇ ಅಪ್ಪಣೆ ಕಚೇರಿಯ ಕಿಟಕಿಯಲ್ಲಿ. ಕೆಂಪಾಜಮ್ಮ ಹೋಗಿ ಸಾಲಿನ ಬಾಲದಲ್ಲಿ ನಿಂತಳು.

ದೊಡ್ಡಾಸ್ಪತ್ರೆಯ ಕರೆಂಟು ಬರುತ್ತಿದ್ದದ್ದೂ ಆ ಸಾಲಿನಿಂದಲೇ.

ಸಂಜೆ ಕೆಂಪಾಜಮ್ಮ ಮನೆಗೆ ಬಂದು ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುವಳು. ಗೌರಿ ಎದುರಿಗೆ ಕೂತು ಅವಳ ಹಿಮ್ಮಡಿ ಒತ್ತುವಳು. ಮನೆಯ ಕದ ಹಾಕಿರುತ್ತಿದ್ದರಿಂದ ಕೂತರೆ ಕೇಳುವವರಿಲ್ಲ.

"ಇವತ್ತು ಚೆನ್ನಾಗ್ ಕಾಲಾಡಿಸ್ದೆ ಕಣ್ ಮಗ. ಮಿಷನ್ನು ಜೋರಾಗ್ ಓಡ್ತಾ?"

"ಓಡ್ತು ಕಣವ್ವ. ಮಧ್ಯಾಹ್ನ ಒಸಿ ತೂಕಡಿಸ್ದೆ ಅಲ್ವಾ ನೀನು?"

"ನಿಂಗೆಂಗ್ ಗೊತ್ತಾಯ್ತು?"

"ದೀಪ ಮಂಕಾಯ್ತು. ನರ್ಸಮ್ಮಂಗೆ ಹೇಳ್ದೆ, ನಮ್ಮವ್ವ ಮುದ್ದೆ ಉಂಡವ್ಳೆ ಈಗ, ಒಂದ್ ಗಳಿಗೆ ತಡ್ಕೊಳಿ ಅಂತ."

ಕೆಂಪಾಜಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮಾಯಿಗಯ್ಯ ಗೋಡೆಗೆ ಒರಗಿ ಸುಮ್ಮನೆ ಕೇಳುತ್ತಿದ್ದ. ಅವನಿಗೆ ಆ ನಗು ತಡೆಯಲಾಗುತ್ತಿರಲಿಲ್ಲ. ಗೌರಿಯ ಮುಖ ಊದಿತ್ತು. ಉಗುರು ಬೂದಿ ಬಣ್ಣಕ್ಕೆ ತಿರುಗಿತ್ತು.

"ನೀವ್ಯಾಕೆ ಗುಮ್ಮನಂಗ್ ನಿಂತಿದ್ದೀರಿ? ಕೂತ್ಕಳಿ, ನಮ್ಮನೇಲಿ ಯಾರ್ ನೋಡ್ತಾರೆ" ಎಂದಳು ಕೆಂಪಾಜಮ್ಮ.

"ನಾನ್ ಅಲ್ಲಿ ಕೂತಿದ್ದೇ ಸಾಕು" ಎಂದ.

ಕೋಣೆಯಲ್ಲಿ ಅವನ ಕೆಲಸದ ಕ್ರಮ ಹೀಗಿತ್ತು. ಸಾಲು ತುಂಬ ಹೊತ್ತು ನಿಂತರೆ ಜನ ಮಂಕಾಗುತ್ತಾರೆ, ಕಾಲಾಡಿಸುವುದು ಬಿಡುತ್ತಾರೆ, ಮುಳ್ಳು ಇಳಿಯುತ್ತದೆ. ಆಗ ಹಿಡಿ ಎಳೆದು ಕಿಟಕಿ ತೆಗೆಯಬೇಕು. ಶಟರ್ ಸದ್ದು ಕೇಳಿದ ಕೂಡಲೆ ಸಾಲಿನ ಉದ್ದಕ್ಕೂ ಜೀವ ಬರುತ್ತದೆ. ಇಣುಕುತ್ತಾರೆ, ತುದಿಗಾಲಲ್ಲಿ ನಿಲ್ಲುತ್ತಾರೆ, ಮುಳ್ಳು ಸರ್ರನೆ ಏರುತ್ತದೆ. ಇಬ್ಬರ ಕೆಲಸ ಆಗುತ್ತಲೂ ಮುಚ್ಚಬೇಕು. ಮೂರನೆಯವರಿಗೂ ತೆರೆದಿಟ್ಟರೆ ಇವತ್ತು ಎಲ್ಲರದೂ ಆಗುತ್ತದೆ ಅನ್ನುವ ನೆಮ್ಮದಿ ಜನರಿಗೆ ಬಂದುಬಿಡುತ್ತದೆ. ನೆಮ್ಮದಿ ಬಂದವರು ಅಲ್ಲಾಡುವುದಿಲ್ಲ. ಮುಳ್ಳು ಬಿದ್ದುಹೋಗುತ್ತದೆ. ಇದನ್ನು ಕಂಡುಹಿಡಿದವಳೂ ದಾಕ್ಷಾಯಿಣಿಯೇ. ಈಗ ಅವಳು ಆ ಕೋಣೆಗೆ ದೊಡ್ಡ ಇಂಜಿನಿಯರು, ತಲೆಗೂದಲು ಬೆಳ್ಳಗಾಗಿತ್ತು. ಎಲ್ಲರೂ ದಾಕ್ಷಾಯಿಣಮ್ಮನೋರು ಅನ್ನುತ್ತಿದ್ದರು.

ಒಂದು ದಿನ ಮಾಯಿಗಯ್ಯ ಬಾಯಿಬಿಟ್ಟು ಕೇಳಿದ. "ಅಮ್ಮಾವ್ರೇ, ನಮ್ಮೆಂಗಸ್ರು ಇನ್ನು ನಾಕೈದು ಜನದ್ ಹಿಂದವ್ರೆ. ಅವಳ್ ಸರದಿ ಬಂದಾಗ ಒಂದ್ ಸಲ ಮೂರನೇವ್ರಿಗೂ ಬುಟ್ಟುಬುಡ್ಲಾ?"

ದಾಕ್ಷಾಯಿಣಮ್ಮ ಕನ್ನಡಕ ತೆಗೆದು ಅವನನ್ನು ನೋಡಿದಳು. ಬೈಯಲಿಲ್ಲ. "ಮಾಯಿಗಯ್ಯ, ಹಿಡಿ ನಿಮ್ಮ ಕೈಯಲ್ಲಿದೆ. ನಾನು ಬೇಡ ಅಂದ್ರೂ ನೀವು ಎಳೀಬಹುದು. ಆದ್ರೆ ಆಸ್ಪತ್ರೇಲಿ ಆ ಹೊತ್ತಿಗೆ ಎಷ್ಟು ಜನ ಮಿಷನ್ನಿಗೆ ಅಂಟ್ಕೊಂಡಿರ್ತಾರೆ?"

"ಅದ್ಕೇ ಕೇಳ್ತಾ ಇವ್ನಿ, ಅಮ್ಮಾವ್ರೇ."

"ನನಗೇನು ಸಂತೋಷ ಅಂದ್ಕೊಂಡ್ರಾ? ನಮ್ಮಮ್ಮ ಮತದಾನದ ಸಾಲಲ್ಲಿ ನಿಂತು ಮಂಡಿ ಸವೆಸ್ಕೊಂಡ್ರು. ಯಾರಿಗೆ ಮತ ಹಾಕ್ತೀಯಮ್ಮ ಅಂದ್ರೆ ನಂಗೇ ಮರೆತುಹೋಗಿದೆ ಅಂತಾರೆ. ಜನರ ಬೇಸರ ವ್ಯರ್ಥ ಆಗಬಾರದು ಅಂತ ನಾನು ಆ ಚಪ್ಪಡಿ ಹಾಕಿಸ್ದೆ. ಈಗ ಬೇಸರವನ್ನ ಬೆಳೀತಾ ಇದ್ದೀವಿ, ರಾಗಿ ಬೆಳೆದ ಹಾಗೆ." ಕನ್ನಡಕ ಹಾಕಿಕೊಂಡು ಬೇರೆ ಕಡೆ ತಿರುಗಿದಳು. "ಒಂದೇ ಒಂದು ಆಸಾಮಿ. ಅವರೊಬ್ಬರದಾದ ತಕ್ಷಣ ಮುಚ್ಚಬೇಕು. ನಾನು ನೋಡಲಿಲ್ಲ."

ಅದು ನಡೆದದ್ದು ಬೇಸಿಗೆ ಕಾಲಿಟ್ಟ ಮೇಲೆ, ಊಟದ ಹೊತ್ತು ಕಳೆದು ಜನ ಜೋಂಪು ಹತ್ತಿ ನಿಂತಿದ್ದಾಗ. ಗೌರಿ ಆಸ್ಪತ್ರೆಯಲ್ಲಿ ಮಿಷನ್ನಿನ ಪಕ್ಕ ಮಲಗಿದ್ದ ದಿನ. ಮುಳ್ಳು ಇಳಿಯಿತು. ಮಾಯಿಗಯ್ಯ ಹಿಡಿ ಎಳೆದ. ಶಟರ್ ಗರಗರ ಎದ್ದಿತು. ಮೊದಲಿನವನದಾಯಿತು. ಎರಡನೆಯ ಹೆಂಗಸಿನದಾಯಿತು. ಅಲ್ಲಿಗೆ ಮುಚ್ಚಬೇಕಿತ್ತು. ಅವನು ಹಿಡಿಯನ್ನು ಬಿಗಿಯಾಗಿ ಒತ್ತಿ ಹಿಡಿದ. ಮೂರನೆಯವಳಾಗಿ ಕೆಂಪಾಜಮ್ಮ ಕಿಟಕಿಯ ಮುಂದೆ ಬಂದಳು.

ಬಂದವಳು ಹಿಂದಕ್ಕೆ ತಿರುಗಿದಳು.

"ಯಜಮಾನ್ರೇ, ನಿಮ್ದು ಯಾರ್ದು?"

ಅವಳ ಹಿಂದೆ ಜೋಗಯ್ಯ ಅಂತ ಒಬ್ಬ ಮುದುಕ ಇದ್ದ. ಹಲ್ಲಿಲ್ಲದ ಬಾಯಿ, ತಮಾಷೆಯ ಮನುಷ್ಯ. "ನಮ್ಮಪ್ಪಂದು ಕಣವ್ವ. ಮಂಡಿನೋವು ಅಂತ ಕುರ್ಚಿ ಇಳ್ಸಾಕೆ ಅಪ್ಪಣೆ ಕೇಳಿದ್ದ. ನಿಂತ್ ನಿಂತೇ ಹೊಂಟೋದ. ನಾ ಬಂದ್ ನಿಂತೆ."

"ಅಯ್ಯೋ, ಮೊದ್ಲೇ ಹೇಳಾದಲ್ವಾ? ಮುಂದಕ್ ಬನ್ನಿ."

"ನಿಂದು ಆಗೋಗ್ಲಿ ತಗಳವ್ವ, ನಮ್ಮಪ್ಪ ಈಗೆಲ್ಲಿ ಕುರ್ಚಿ ಮ್ಯಾಲ್ ಕೂತ್ಕಂಡಾನು."

"ಹಂಗನ್ಬ್ಯಾಡಿ. ಸತ್ತವ್ರನ್ನ ಹಿಂದ್ ನಿಲ್ಸಿ ನಾನ್ ಮುಂದ್ ಹೋದ್ರೆ ನನ್ ಮಗಳಿಗ್ ಒಳ್ಳೇದಾದದಾ?"

ಮೇಲೆ ಮಾಯಿಗಯ್ಯ ಗಾಜಿಗೆ ಅಂಗೈ ಬಡಿದ. "ಲೇ ಕೆಂಪಿ! ಹೋಗೇ! ಕೈ ಹಾಕೇ!" ಗಾಜು ದಪ್ಪ ಇತ್ತು. ಕೆಳಗೆ ಜೋಗಯ್ಯ ಸೊಂಟದ ಪಂಚೆ ಸರಿಮಾಡಿಕೊಂಡು ಕಿಟಕಿಗೆ ಬಂದು ಗುಮಾಸ್ತನಿಗೆ ನಮಸ್ಕಾರ ಮಾಡಿದ. ಗುಮಾಸ್ತ ಅಪ್ಪನ ಹೆಸರು ಕೇಳಿದ, ತಾತನ ಹೆಸರು ಕೇಳಿದ, ಯಾವ ಮಂಡಿ ಅಂತ ಕೇಳಿದ. ಸಾಲಿನ ಉದ್ದಕ್ಕೂ ಸುದ್ದಿ ಹರಿಯಿತು: ಮೂರನೆಯವರಿಗೂ ತೆಗೆದೇ ಇದೆ! ಎಲ್ಲರ ಮುಖದ ಗಂಟು ಸಡಿಲವಾಯಿತು. ಯಾರೋ ಹಾಡು ಗುನುಗಿದರು. ಕಾಲುಗಳು ನೆಲದ ಮೇಲೆ ಹಾಯಾಗಿ ಊರಿಕೊಂಡವು.

ಮುಳ್ಳು ಕೆಂಪು ಗೆರೆಗೆ ಬಂತು. ಗೆರೆ ದಾಟಿತು. ಕೋಣೆಯ ಗೋಡೆಯ ಮೇಲೆ ಆಸ್ಪತ್ರೆಯ ಕರೆಂಟು ತೋರಿಸುವ ದೀಪ ಮಿಟುಕತೊಡಗಿತು.

ಮಾಯಿಗಯ್ಯ ಆ ದೀಪ ನೋಡಿದ. ಆ ದೀಪದ ಆ ಕೊನೆಯಲ್ಲಿ ಗೌರಿಯ ರಕ್ತ ಅರ್ಧ ಮೈಯೊಳಗೆ, ಅರ್ಧ ಕೊಳವೆಯೊಳಗೆ ಇತ್ತು. ಕೆಳಗೆ ಜೋಗಯ್ಯ ಚೀಟಿ ಹಿಡಿದು ಪಕ್ಕಕ್ಕೆ ಸರಿದ. ಕೆಂಪಾಜಮ್ಮ ಸೆರಗು ಸಿಕ್ಕಿಸಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟಳು.

ಅವನೇ ಮುಚ್ಚಿದ. ಬೇರೆ ಯಾರೂ ಅವನ ಕೈ ಹಿಡಿದು ಮುಚ್ಚಿಸಲಿಲ್ಲ.

ಮೈಕಿನಲ್ಲಿ ಜನ ಹೋ ಅಂದದ್ದು ಕೇಳಿತು. ಕಾಲುಗಳೆಲ್ಲ ಒಟ್ಟಿಗೆ ನೆಲ ಅಪ್ಪಳಿಸಿದವು. ಮುಳ್ಳು ಎದ್ದು ನಿಂತಿತು. ಆಸ್ಪತ್ರೆಯ ದೀಪ ಸ್ಥಿರವಾಯಿತು.

ಆ ಸಂಜೆ ಉಪ್ಪುನೀರಿನ ಬೋಗುಣಿ ಒಲೆಯ ಮೇಲೇ ಆರಿತು.

"ಮೂಗಿನ್ ಮುಂದ್ ಬಂದು ಬಿತ್ತು ಕಣ್ರಿ" ಎಂದಳು ಕೆಂಪಾಜಮ್ಮ. "ಬೆರಳು ಒಸಿ ಮುಂದ್ ಇದ್ದಿದ್ರೆ ತುಂಡಾಗೋಯ್ತಿತ್ತು."

"ನಿಂಗೋಸ್ಕರ ತೆಗ್ದಿಟ್ಟಿದ್ದೆ. ನೀನ್ಯಾಕ್ ಬುಟ್ಕೊಟ್ಟೆ ಆ ಮುದುಕಂಗೆ?"

"ಬುಡದೆ? ನಾಳೆ ಅವ್ನ್ ಮುಖ ನೋಡ್ಬೇಕಲ್ಲ."

"ಮುಖ! ಅವರಪ್ಪ ಸತ್ತು ಮೂಳೆ ಮಣ್ಣಾಗವೆ. ಕುರ್ಚಿ ತಗಂಡೋಗಿ ಗೋರಿ ಮ್ಯಾಲ್ ಇಡ್ತಾನಾ? ಇಲ್ಲಿ ಮಗಳು ಉಸಿರಾಡ್ತಾ ಅವ್ಳೆ ಕಣೇ!"

"ಮುಚ್ಚಿದ್ದು ಯಾರು?"

ಅವನು ಒಲೆಯ ಕಡೆ ತಿರುಗಿದ.

"ಹೇಳಿ. ಯಾರ್ ಮುಚ್ಚಿದ್ದು?"

ಗೌರಿ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. "ಅವ್ವ, ಅಪ್ಪನ್ನ ಅನ್ಬ್ಯಾಡ" ಎಂದಳು. "ದೀಪ ಮಿಟುಕಿದ್ದು ನಾನೂ ನೋಡ್ದೆ. ಮಿಷನ್ನು ಕಿರ್ರ್ ಅಂತ ಕೂಗ್ಕಂತು. ನಂಗೂ ಭಯ ಆಯ್ತು, ಅಪ್ಪ ಬೇಗ ಮುಚ್ಲಿ ದೇವ್ರೇ ಅಂದ್ಕಂಡೆ." ತಾಯಿಯ ಕಡೆ ಹೊರಳಿ ಮತ್ತೆ ಹೇಳಿದಳು. "ಒಂದ್ ಮಾತ್ ಕೇಳ್ಲಾ? ನೀನ್ ನಿಂತಿದ್ರೆ ನಂಗ್ ಕರೆಂಟು. ನಿನ್ ಕೆಲ್ಸ ಆದ್ರೆ ನಂಗ್ ಕಿಡ್ನಿ. ಎರಡೂ ಒಂದೇ ಕಾಲಲ್ಲಿ ಆಗಾಕಿಲ್ಲ. ಯಾವನ್ ಮಾಡ್ದ ಅವ್ವ ಈ ಕಿಟಕೀನ?"

ಹಳೆಯ ಗುಮಾಸ್ತರಿಗೆ ಚಪ್ಪಾಳೆ ತಟ್ಟಿದ ದಿನ ಮಾಯಿಗಯ್ಯನಿಗೆ ನೆನಪಾಯಿತು. ಅದನ್ನು ಮಗಳಿಗೆ ಹೇಗೆ ಹೇಳುವುದು?

ಬಿಸಿಲು ಬಲಿಯಿತು. ಕಣಿವೆಯಾಚೆಯ ನಾಡಿನವರಿಗೆ ಫ್ಯಾನಿಗೆ, ತಣ್ಣನೆ ಪೆಟ್ಟಿಗೆಗೆ ಹೆಚ್ಚು ಕರೆಂಟು ಬೇಕಾಯಿತು. ಎಲ್ಲ ಕಿಟಕಿಗಳನ್ನೂ ತಿಂಗಳ ಮಟ್ಟಿಗೆ ಪೂರ್ತಿ ಮುಚ್ಚಿಡಿ, ಆಗಾಗ ಶಟರ್ ಸದ್ದು ಮಾತ್ರ ಮಾಡಿ ಅಂತ ಮೇಲಿನಿಂದ ಆದೇಶ ಬಂತು. ಸದ್ದಿಗೂ ಜನ ತುದಿಗಾಲಲ್ಲಿ ನಿಲ್ಲುತ್ತಿದ್ದರು. ನಾಳೆಯ ಮಂತ್ರಿ ಸಾಲಿಗೆ ಬಂದು ಮಜ್ಜಿಗೆ ಹಂಚಿದ; ಕೆಂಪಾಜಮ್ಮನ ಕೈ ಹಿಡಿದು "ನಾಳೆ ಖಂಡಿತ ತಾಯಿ" ಎಂದ. ಅವಳು ಆ ದಿನ ಮನೆಗೆ ಬಂದು ಹೇಳಿದಳು: "ಒಳ್ಳೇ ಮನ್ಸ. ಕಣ್ಣಲ್ಲಿ ನೀರಿತ್ತು ಪಾಪ."

ಪುಟ್ಟಗೌರಿ ಸತ್ತದ್ದು ಆ ತಿಂಗಳಲ್ಲೇ, ಹಾಡಹಗಲಿನಲ್ಲಿ, ಮಿಷನ್ನಿನ ಪಕ್ಕ. ಕರೆಂಟು ಒಂದು ಗಳಿಗೆಯೂ ಹೋಗಲಿಲ್ಲ. ದೀಪ ಮಂಕಾಗಲಿಲ್ಲ. ಮಿಷನ್ನು ಚೆನ್ನಾಗಿಯೇ ಓಡುತ್ತಿತ್ತು. ಡಾಕ್ಟರು ಹೇಳಿದ್ದ ಹಾಗೆ ಮೈ ತಾಳಲಿಲ್ಲ, ಅಷ್ಟೆ. ಆ ಹೊತ್ತಿನಲ್ಲಿ ತಾಯಿ ಸಾಲಿನಲ್ಲಿದ್ದಳು; ಕಿಟಕಿಯ ಮುಂದಿನ ಮೊದಲ ಚಪ್ಪಡಿಯ ಮೇಲೆ, ಈ ಕಾಲಿಂದ ಆ ಕಾಲಿಗೆ, ಮಗಳಿಗೆ ಕಡಮೆಯಾಗಬಾರದು ಅಂತ. ಸುದ್ದಿ ಮೇಲಿನ ಕೋಣೆಗೆ ಮೊದಲು ಬಂತು. ಮಾಯಿಗಯ್ಯ ಗಾಜಿನಿಂದ ಅವಳ ನೆತ್ತಿಯನ್ನು ನೋಡುತ್ತ ನಿಂತ. ಮೆಟ್ಟಿಲಿಳಿದು ಹೋಗಿ ಹೇಳಬೇಕಿತ್ತು. ಇಳಿಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ತಿಥಿ ಮುಗಿದ ಮೇಲೆ ಕೆಂಪಾಜಮ್ಮ ಮತ್ತೆ ಸಾಲಿಗೆ ಹೊರಟಳು.

"ಯಾಕೆ ಇನ್ನೂ?" ಎಂದ ಮಾಯಿಗಯ್ಯ.

"ಕೇಳಿದ್ನಲ್ಲ. ಕೊಡ್ಲಿ."

"ತಗಂಡ್ ಏನ್ ಮಾಡ್ತೀಯ?"

"ಕೊಡ್ಲಿ ಅಂದೆ."

ಅಷ್ಟು ದಿನ ಬಾರದೆ ಇದ್ದದ್ದರಿಂದ ಅವಳ ಸೀಮೆಸುಣ್ಣದ ಗುರುತು ಅಳಿಸಿಹೋಗಿತ್ತು. ಅವಳು ಸಾಲಿನ ಬಾಲಕ್ಕೆ ಹೋಗಿ ನಿಂತಳು. ಮಾಯಿಗಯ್ಯ ಮೇಲಿನಿಂದ ನೋಡುತ್ತಿದ್ದ. ಅವಳ ಮುಂದಿದ್ದ ಗಂಡಸು ಹಿಂದಕ್ಕೆ ತಿರುಗಿದ. ಸಾವಿನ ಮನೆಯವಳ ಹಾಗೆ ತಲೆಯ ಮೇಲೆ ಹೊದ್ದ ಸೆರಗು ನೋಡಿ "ಯಾರ್ದವ್ವ?" ಎಂದ.

"ನನ್ ಮಗಳ್ದು."

ಅವನು ಪಕ್ಕಕ್ಕೆ ಸರಿದ. ಅವನ ಮುಂದಿದ್ದವಳೂ ಸರಿದಳು. ಮಗಳದಂತೆ, ಮಗಳದಂತೆ ಅನ್ನುವ ಮಾತು ಸಾಲಿನಲ್ಲಿ ಮುಂದೆ ಮುಂದೆ ಹೋಯಿತು. ಅವಳಿಗಾಗಿ ಒಬ್ಬೊಬ್ಬರೂ ಒಂದು ಹೆಜ್ಜೆ ಆಚೆ ಇಟ್ಟರು. ಅವಳು ದಾಟಿದ ಮೇಲೆ ಒಂದು ಹೆಜ್ಜೆ ಈಚೆ ಬಂದರು. ಅಷ್ಟು ಉದ್ದದ ಸಾಲು ಗಾಳಿಗೆ ಬಾಗಿದ ಪೈರಿನ ಹಾಗೆ ಬಾಲದಿಂದ ತಲೆಯ ತನಕ ಓಲಾಡಿತು. ಯಾರೂ ಗೊಣಗಲಿಲ್ಲ. ಕೆಲವರು ಕೈಮುಗಿದರು.

ಮೀಟರಿನ ಮುಳ್ಳು ಏರಿತು. ಏರುತ್ತ ಹೋಗಿ, ಅದುವರೆಗೆ ಯಾವತ್ತೂ ಮುಟ್ಟದ ಜಾಗ ಮುಟ್ಟಿ ಅಲ್ಲೇ ನಡುಗಿತು. ಆಸ್ಪತ್ರೆಯ ದೀಪ ಬೆಳ್ಳಗೆ ಉರಿಯಿತು. ದಾಕ್ಷಾಯಿಣಮ್ಮ ತನ್ನ ಜಾಗದಿಂದ ಎದ್ದು ಬಂದಳು. ಒಮ್ಮೆ ಮುಳ್ಳು ನೋಡಿದಳು, ಒಮ್ಮೆ ಗಾಜಿನಾಚೆ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದಳು.

ಮಾಯಿಗಯ್ಯ ಯಾರನ್ನೂ ಕೇಳದೆ ಹಿಡಿ ಎಳೆದ. ಆದೇಶ ಮೀರಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಕರೆಂಟು ಬೇಕಾದಷ್ಟಿತ್ತು. ಗುಮಾಸ್ತ ಚೀಟಿ ಬರೆದ. ತಾಯಿಯ ಎಡಗಡೆಯ ಮೂತ್ರಪಿಂಡ ತೆಗೆದು ಮಗಳಿಗೆ ಹಾಕಲು ಸರ್ಕಾರದ ಅಪ್ಪಣೆ ಇದೆ ಅಂತ ಓದಿ ಹೇಳಿದ. "ಪಕ್ಕದ ಸಾಲಲ್ಲಿ ನಿಂತು ಮೊಹರು ಹಾಕಿಸ್ಕೊಳ್ಳಿ" ಎಂದೂ ಹೇಳಿದ. ಕೆಂಪಾಜಮ್ಮ ಚೀಟಿ ಈಸಿಕೊಂಡು, ಪಕ್ಕದ ಸಾಲಿನ ಕಡೆ ನೋಡದೆ ಹೊರಗೆ ಹೋದಳು.

ಮುಳ್ಳು ಅಷ್ಟು ಏರಿದ ಸುದ್ದಿ ರಾಜಧಾನಿಗೆ ಹೋಗಲು ತಡವಾಗಲಿಲ್ಲ. ದಾಕ್ಷಾಯಿಣಮ್ಮ ತಾನಾಗಿ ಹೇಳಲಿಲ್ಲ. ಮೀಟರು ತಾನೇ ಹೇಳುವಂತೆ ಅವಳೇ ಹಿಂದೆ ಏರ್ಪಾಡು ಮಾಡಿಟ್ಟಿದ್ದಳು. ಹೊಸ ಆದೇಶ ಬಂತು. ಇನ್ನು ಮುಂದೆ ಸತ್ತವರ ಅರ್ಜಿಗಳಿಗೆ ಮಾತ್ರ ಕಿಟಕಿ ತೆಗೆಯತಕ್ಕದ್ದು. ದಿನಕ್ಕೊಬ್ಬರನ್ನು ಸಾಲಿನ ಬಾಲದಿಂದ ತಲೆಗೆ ನಡೆಸತಕ್ಕದ್ದು. ಬದುಕಿರುವವರ ಅರ್ಜಿಗಳು ತಮ್ಮ ಸರದಿಗಾಗಿ ಕಾಯತಕ್ಕದ್ದು. ನಾಳೆಯ ಮಂತ್ರಿ ರೇಡಿಯೋದಲ್ಲಿ ಮಾತಾಡಿ, ನಮ್ಮ ಜನರ ದೊಡ್ಡ ಗುಣವೇ ನಮ್ಮ ದೊಡ್ಡ ಸಂಪತ್ತು ಎಂದ. ದನಿ ಗದ್ಗದವಾಗಿತ್ತು.

ದಾಕ್ಷಾಯಿಣಮ್ಮ ಆದೇಶ ಓದಿ ಮಾಯಿಗಯ್ಯನ ಮುಂದೆ ಇಟ್ಟಳು. "ಅವರು ಸರಿದು ನಿಂತದ್ದು ಚೆನ್ನಾಗಿತ್ತು, ಮಾಯಿಗಯ್ಯ. ನಮ್ಮ ದೇಶದಲ್ಲಿ ಅದೊಂದೇ ಚೆನ್ನಾಗಿತ್ತು. ಅದಕ್ಕೂ ತಂತಿ ಕಟ್ಟಿದ್ದಾಯ್ತು" ಎಂದಳು.

ಮನೆಯಲ್ಲಿ ಅವನು ಅದನ್ನು ಮುಚ್ಚಿಡಲಿಲ್ಲ. ಕೆಂಪಾಜಮ್ಮ ಪೂರ್ತಿ ಕೇಳಿದಳು. "ಅಂದ್ರೆ ನಾನ್ ನಡ್ಕೊಂಡ್ ಹೋದದ್ದೂ ಅದ್ಕೇ ಆಯ್ತಾ?" ಎಂದಳು.

"ನಂಗ್ ಗೊತ್ತಿರ್ಲಿಲ್ಲ ಕಣೇ."

"ಇನ್ ಮ್ಯಾಲೆ ಗೊತ್ತಲ್ಲ. ಎಳೀತೀರಾ?"

"ನಾನ್ ಎಳೀದಿದ್ರೆ ಇನ್ನೊಬ್ಬ ಎಳೀತಾನೆ. ಆಸ್ಪತ್ರೇಲಿ ಇನ್ನೂ ಜನ ಅವ್ರೆ. ಅವ್ರೂ ಯಾರ್ದೋ ಮಕ್ಳು."

ಅವಳು ತಲೆಯಾಡಿಸಿದಳು. ಹೌದು ಅಂತಲೋ, ಅರ್ಥವಾಯಿತು ಅಂತಲೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಅವಳು ಎರಡು ಸೀರೆ ಮಡಿಸಿ ಗಂಟು ಕಟ್ಟಿದಳು. ಕಣಿವೆಯಾಚೆ ಹೋಗಲೂ ಅಪ್ಪಣೆ ಬೇಕು, ಅದಕ್ಕೂ ಒಂದು ಸಾಲಿದೆ ಅಂತ ಅವನು ನೆನಪು ಮಾಡಿದ. ಸೇತುವೆ ಬಿಟ್ಟು ಕಣಿವೆಯಲ್ಲೇ ಇಳಿದು ಹತ್ತುತ್ತೇನೆ, ಅಲ್ಲಿ ಚಪ್ಪಡಿ ಹಾಸಿಲ್ಲ ಅಂದಳು. ನೀವೂ ಬನ್ನಿ ಅಂತ ಅವಳು ಕರೆಯಲಿಲ್ಲ. ನಾನೂ ಬರುತ್ತೇನೆ ಅಂತ ಅವನೂ ಅನ್ನಲಿಲ್ಲ.

ಕೆಂಪಾಜಮ್ಮ ಹೊರಟುಹೋದದ್ದು ಗುರುವಾರ, ಬೆಳಿಗ್ಗೆ. ಮಾಯಿಗಯ್ಯನದು ಅವತ್ತು ಹಗಲು ಪಾಳಿ.